ಏರಿದ್ದು ನೆತ್ತಿಗಲ್ಲ

ಊಟದ ನಡುವೆ ಅಜ್ಜನವರಿಗೆ ಕೆಮ್ಮು ಬಂದರೆ ‘ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು’ ಎನ್ನುತ್ತೀರಿ, ತಲೆ ತಟ್ಟುತ್ತೀರಿ. ಮಾತೇನೋ ಸೊಗಸಾದದ್ದೇ. ಆದರೆ ಅಗುಳು ಏರಿದ್ದು ನೆತ್ತಿಗಲ್ಲ, ಇಳಿದದ್ದು ಉಸಿರಿನ ದಾರಿಗೆ. ಕೆಮ್ಮು ಬಂದರೆ ಪುಣ್ಯ. ಅದು ಆ ದಾರಿಯ ಕಾವಲುಗಾರ. ತೀರ ಮುಪ್ಪಿನಲ್ಲಿ ಈ ಕಾವಲುಗಾರನೇ ತೂಕಡಿಸುತ್ತಾನೆ. ಕುಡಿದ ಗಂಜಿಯೋ ನಿದ್ರೆಯಲ್ಲಿ ಒಸರಿದ ಜೊಲ್ಲೋ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಯಿಯ ರೋಗಾಣುಗಳು ಅದರೊಡನೆ ಹೋಗಿ ಅಲ್ಲಿ ನೆಲಸುತ್ತವೆ. ಹೀಗೆ ಹುಟ್ಟುವ ನ್ಯುಮೋನಿಯಾವನ್ನು ಗುರುತಿಸುವ ವಿದ್ಯೆ ವೈದ್ಯರಿಗೆ ಒಂದೇ ದಿನದಲ್ಲಿ ಕೈವಶವಾಗಲಿಲ್ಲ.

1860ರ ದಶಕದಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯು ಸಾವಿರಾರು ವೃದ್ಧೆಯರ ಆಶ್ರಯವಾಗಿತ್ತು. ಅಲ್ಲಿನ ವೈದ್ಯ ಷಾರ್ಕೊ ಅವರು ಮುಪ್ಪಿನ ಕಾಯಿಲೆಗಳ ಮೇಲೆ ಉಪನ್ಯಾಸಮಾಲೆಯನ್ನೇ ಕೊಟ್ಟರು. ತರುಣರ ರೋಗ ಕೂಗಿ ಹೇಳುತ್ತದೆ, ಮುದುಕರ ರೋಗ ಪಿಸುಗುಟ್ಟುತ್ತದೆ. ಹೊರಮೈ ತಣ್ಣಗಿದ್ದರೂ ಒಳಗೆ ಜ್ವರವಿರಬಹುದು. ಆದುದರಿಂದ ಕಂಕುಳನ್ನು ನಂಬದೆ ಉಷ್ಣಮಾಪಕವನ್ನು ಗುದದಲ್ಲಿಟ್ಟು ನೋಡಬೇಕೆಂದು ಅವರು ಹಠ ಹಿಡಿದರು. ಹಣೆಯ ಮೇಲೆ ಅಂಗೈಯಿಟ್ಟು ‘ಜ್ವರವಿಲ್ಲ’ ಎಂದುಬಿಡುವ ನಮ್ಮ ಮನೆಗಳಿಗೂ ಇದು ಸಲ್ಲುವ ಮಾತೇ.

ಆಸ್ಲರ್ ಎಂಬ ವೈದ್ಯಾಚಾರ್ಯರು 1898ರಲ್ಲಿ ತಮ್ಮ ಗ್ರಂಥವನ್ನು ಪರಿಷ್ಕರಿಸುವಾಗ ನ್ಯುಮೋನಿಯಾವನ್ನು ಮುದುಕರ ಮಿತ್ರನೆಂದು ಕರೆದರು. ಬಹಳ ನೋವಿಲ್ಲದೆ ಕರೆದೊಯ್ಯುತ್ತದೆಂಬ ಅರ್ಥದಲ್ಲಿ. ಸ್ವತಃ ಅವರೂ 1919ರಲ್ಲಿ, 70ನೆಯ ವಯಸ್ಸಿನಲ್ಲಿ, ಅದೇ ಕಾಯಿಲೆಗೆ ತುತ್ತಾದರು. ನನಗಂತೂ ಈ ‘ಮಿತ್ರ’ ಶಬ್ದ ಹಿಡಿಸದು. ಗುಣವಾಗಬಹುದಾದ ಜೀವವನ್ನು ‘ವಯಸ್ಸಾಯಿತಲ್ಲ’ ಎಂದು ಕೈಬಿಡಲು ಅದೊಂದು ನೆಪವಾಗುತ್ತದೆ.

ನ್ಯೂಯಾರ್ಕಿನ ಮೆಂಡೆಲ್ಸನ್ 1946ರಲ್ಲಿ ತೋರಿಸಿದ್ದು ಬೇರೊಂದು ಬಗೆ: ಅರಿವಳಿಕೆ ಪಡೆದ ಬಾಣಂತಿಯರ ಹೊಟ್ಟೆಯ ಆಮ್ಲ ಉಸಿರಿನೊಡನೆ ಒಳಸೇರಿ ಶ್ವಾಸಕೋಶವನ್ನು ಸುಡುತ್ತಿತ್ತು. 44,016 ಹೆರಿಗೆಗಳಲ್ಲಿ ಇಂಥವು 66.

ಮುದುಕರ ಪಾಲಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 1982ರಲ್ಲಿ ಇಂಗ್ಲೆಂಡಿನ ವೈದ್ಯರು ಎತ್ತಿ ಹೇಳಿದ ಒಂದು ಸರಳ ಲಕ್ಷಣ, ಉಸಿರಿನ ಎಣಿಕೆ. ಗಡಿಯಾರ ಹಿಡಿದು ಒಂದು ನಿಮಿಷ ಎದೆಯ ಏರಿಳಿತ ಎಣಿಸಿ. ಸುಮ್ಮನೆ ಮಲಗಿದ್ದಾಗಲೂ ಎಣಿಕೆ 25 ಮೀರಿದರೆ ಕೆಮ್ಮು ಜ್ವರಗಳಿಗಾಗಿ ಕಾಯಬೇಡಿ, ವೈದ್ಯರನ್ನು ಕರೆಸಿ. ನಿನ್ನೆಯವರೆಗೆ ಸರಿಯಿದ್ದವರು ಇಂದು ತುತ್ತು ಬೇಡವೆಂದರೆ, ಮಂಕಾದರೆ, ಮನೆಯವರ ಗುರುತು ತಪ್ಪಿದರೆ, ಅದನ್ನೂ ಮರುಳೆನ್ನದೆ ವೈದ್ಯರಿಗೆ ತಿಳಿಸಿ; ಊಟದಲ್ಲಿ ಕೆಮ್ಮುತ್ತಿದ್ದರೆ ಅದನ್ನೂ ಸೇರಿಸಿ ಹೇಳಿ.

1999ರಲ್ಲಿ ಜಪಾನಿನಿಂದ ಬಂದ ವರದಿಯಂತೂ ವಿಸ್ಮಯದ್ದು. ಅಲ್ಲಿನ 11 ವೃದ್ಧಾಶ್ರಮಗಳಲ್ಲಿ ಕೆಲವರಿಗೆ ಪ್ರತಿ ಊಟದ ಮೇಲೂ ಬಾಯಿ ಉಜ್ಜಿಸಿದರು, ಉಳಿದವರಿಗೆ ಇಲ್ಲ. ಎರಡು ವರ್ಷಗಳಲ್ಲಿ ಉಜ್ಜದವರಲ್ಲಿ ನೂರಕ್ಕೆ 19 ಮಂದಿಗೆ ನ್ಯುಮೋನಿಯಾ ಬಂತು. ಉಜ್ಜಿದವರಲ್ಲಿ 11 ಮಂದಿಗೆ. ಹಲ್ಲಿದ್ದವರಲ್ಲಷ್ಟೇ ಅಲ್ಲ, ಬೊಚ್ಚುಬಾಯಿಯವರಲ್ಲೂ ಈ ಫಲ ಕಂಡಿತು.