ಚಳಿಗಾಲದಲ್ಲಿ ಸ್ಪೋರ್ಟ್ಸ್ ಕಾರು ಓಡಿಸಬಾರದೇ? ಬಾಗಲಕೋಟೆ ರಸ್ತೆಗಳಿಗೆ ಈ ಮಾತು ಎಷ್ಟು ನಿಜ?

ಚಳಿ ಶುರುವಾದರೆ ಸಾಕು, ಕಾರಿನ ಆರೈಕೆಯ ಸಂದೇಶಗಳು ವಾಟ್ಸಾಪ್‌ನಲ್ಲಿ ಹರಿದಾಡುತ್ತವೆ. ‘ಸ್ಪೋರ್ಟ್ಸ್ ಕಾರನ್ನು ಚಳಿಗಾಲ ಮುಗಿಯುವವರೆಗೆ ಹೊರಗೆ ತೆಗೆಯಬೇಡಿ’, ‘ಬೆಳಿಗ್ಗೆ 10 ನಿಮಿಷ ಎಂಜಿನ್ ಚಾಲೂ ಇಟ್ಟೇ ಹೊರಡಿ’, ‘ಟೈರಿಗೆ ಗಾಳಿ ಕಡಿಮೆ ಹಾಕಿಸಿ’ ಎಂಬುವು ಇವುಗಳಲ್ಲಿ ಕೆಲವು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಇವು ಅನ್ವಯಿಸುತ್ತವೆಯೇ?

ಚುಟುಕಾಗಿ ಹೇಳುವುದಾದರೆ: ಕಾರು ಓಡಿಸಬಹುದು, ನಮ್ಮ ಕಡೆಯ ಚಳಿ ಅದಕ್ಕೆ ಏನೂ ಮಾಡುವುದಿಲ್ಲ. ಆದರೆ ಈ ತಿಂಗಳುಗಳಲ್ಲಿ ಕತ್ತಲಾದ ಮೇಲೆ ರಸ್ತೆಯಲ್ಲಿ ಬೇರೊಂದು ಅಪಾಯವಿದೆ. ಅದು ಈ ಫಾರ್ವರ್ಡ್‌ಗಳಲ್ಲಿ ಇರುವುದಿಲ್ಲ.

ಈ ಮಾತು ಬಂದದ್ದು ಎಲ್ಲಿಂದ?

ಹಿಮ ಬೀಳುವ ದೇಶಗಳಿಂದ. ಯುರೋಪ್, ಉತ್ತರ ಅಮೆರಿಕಗಳಲ್ಲಿ ರಸ್ತೆಯ ಮಂಜುಗಡ್ಡೆ ಕರಗಿಸಲು ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನ ತಳಕ್ಕೆ ಸಿಡಿದು ತುಕ್ಕು ಹಿಡಿಯುತ್ತದೆ. ಸ್ಪೋರ್ಟ್ಸ್ ಕಾರುಗಳಿಗೆ ಬರುವ ಬೇಸಿಗೆ ಟೈರುಗಳ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹಾಗಾಗಿ ಅಲ್ಲಿಯ ಮಾಲೀಕರು ಚಳಿಗಾಲದಲ್ಲಿ ಕಾರನ್ನು ಶೆಡ್ಡಿನಲ್ಲಿಡುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಡಿಸೆಂಬರ್-ಜನವರಿಯ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು ಇರುತ್ತದೆ, ಹಗಲು 30ರ ಹತ್ತಿರ ಹೋಗುತ್ತದೆ. ಹಿಮವೂ ಇಲ್ಲ, ರಸ್ತೆಗೆ ಉಪ್ಪೂ ಇಲ್ಲ. ಕಾರು ಮೂಲೆಗೆ ಸೇರಿಸಲು ಕಾರಣವೂ ಇಲ್ಲ. ಮೂರು ತಿಂಗಳು ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ, ವೈರುಗಳನ್ನು ಇಲಿ ಕಡಿಯಬಹುದು.

ಉಳಿದ ಮಾತುಗಳು ನಿಜವೇ?

‘10 ನಿಮಿಷ ಎಂಜಿನ್ ಚಾಲೂ ಇಡಬೇಕು’: ಬೇಕಿಲ್ಲ. ಇದು ಹಳೆಯ ಕಾರ್ಬ್ಯುರೇಟರ್ ಕಾಲದ ಅಭ್ಯಾಸ. ಈಗಿನ ಎಂಜಿನ್‌ಗೆ ಅರ್ಧ ನಿಮಿಷದಿಂದ ಒಂದು ನಿಮಿಷ ಸಾಕು. ಆಮೇಲೆ ಮೊದಲ ಐದಾರು ಕಿಲೋಮೀಟರ್ ನಿಧಾನವಾಗಿ ಓಡಿಸಿ. ಎಂಜಿನ್ ಆಯಿಲ್ ಬಿಸಿಯಾಗುವ ಮೊದಲೇ ಆಕ್ಸಿಲರೇಟರ್ ಜೋರಾಗಿ ಒತ್ತಬೇಡಿ. ಬಾಗಿಲು ಹಾಕಿದ ಶೆಡ್ಡಿನೊಳಗೆ ಎಂಜಿನ್ ಚಾಲೂ ಇಡಲೇಬಾರದು. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಜೀವ ತೆಗೆಯಬಲ್ಲದು.

‘ಟೈರಿಗೆ ಗಾಳಿ ಕಡಿಮೆ ಹಾಕಿಸಬೇಕು’: ತಪ್ಪು. ತಂಪಾದರೆ ಟೈರಿನ ಒತ್ತಡ ತಾನಾಗಿಯೇ ಇಳಿಯುತ್ತದೆ, ಪ್ರತಿ 5–6 ಡಿಗ್ರಿಗೆ ಸುಮಾರು 1 ಪಿಎಸ್ಐ. ಮಧ್ಯಾಹ್ನ ಸರಿಯಿದ್ದ ಗಾಳಿ ಬೆಳಗಿನ ಜಾವಕ್ಕೆ 2–3 ಪಿಎಸ್ಐ ಕಡಿಮೆ ಇರಬಹುದು. ಬೆಳಿಗ್ಗೆ, ಕಾರು ಓಡುವ ಮೊದಲು ನೋಡಿ, ಚಾಲಕನ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿರುವಷ್ಟೇ ಹಾಕಿಸಿ.

‘ಚಳಿಗೆ ಬ್ಯಾಟರಿ ಸಾಯುತ್ತದೆ’: ಅರ್ಧ ನಿಜ. ಬ್ಯಾಟರಿಯನ್ನು ಹಾಳು ಮಾಡುವುದು ಹೆಚ್ಚಾಗಿ ನಮ್ಮ ಏಪ್ರಿಲ್-ಮೇ ಬಿಸಿಲು. ಆಗಲೇ ಸೋತಿದ್ದ ಬ್ಯಾಟರಿ ಚಳಿಗಾಲದ ಬೆಳಿಗ್ಗೆ ಕೈಕೊಡುತ್ತದೆ.

ಹಾಗಾದರೆ ನಿಜವಾದ ಅಪಾಯ ಯಾವುದು?

ಕಬ್ಬಿನ ಟ್ರ್ಯಾಕ್ಟರ್. ಸಾಮಾನ್ಯವಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಸಕ್ಕರೆ ಕಾರ್ಖಾನೆಗಳ ಕಬ್ಬು ನುರಿಸುವ ಹಂಗಾಮು. ಮುಧೋಳ, ಜಮಖಂಡಿ, ಬೀಳಗಿ, ಬಾಗಲಕೋಟೆ ಕಡೆ ರಾತ್ರಿಯಿಡೀ ಒಂದೊಂದು ಟ್ರ್ಯಾಕ್ಟರ್ ಎರಡೆರಡು ಟ್ರೇಲರ್ ಎಳೆಯುತ್ತಿರುತ್ತದೆ. ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಆದರೆ ಎಷ್ಟೋ ಟ್ರೇಲರ್‌ಗಳಿಗೆ ಅದು ಇಲ್ಲ. ಇದ್ದರೂ ಹೊರಗೆ ಚಾಚಿದ ಕಬ್ಬು ಮುಚ್ಚಿಬಿಡುತ್ತದೆ. ಡಿಸೆಂಬರ್‌ನಲ್ಲಿ ಸಂಜೆ 6ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಜನ ಊರಿಗೆ ಮರಳುವ ಹೊತ್ತಿಗೆ ಪೂರ್ತಿ ಕತ್ತಲೆ.

ಈಗ ಲೆಕ್ಕ ನೋಡಿ. ಡಿಪ್ ಲೈಟಿನಲ್ಲಿ ದೀಪವಿಲ್ಲದ ಟ್ರೇಲರ್ ಕಾಣುವುದು ಸುಮಾರು 50 ಮೀಟರ್ ದೂರದಲ್ಲಿ. ಕಂಡ ಮೇಲೆ ಬ್ರೇಕ್ ಮೇಲೆ ಕಾಲಿಡಲು ಒಂದೂವರೆ ಸೆಕೆಂಡ್ ಹಿಡಿದರೆ, ಒಣ ಡಾಂಬರಿನ ಮೇಲೆ ಕಾರು ಪೂರ್ತಿ ನಿಲ್ಲಲು ಬೇಕಾದ ದೂರ ಹೀಗಿದೆ:

ಗಂಟೆಗೆ 60 ಕಿ.ಮೀ.: ಸುಮಾರು 45 ಮೀಟರ್
ಗಂಟೆಗೆ 80 ಕಿ.ಮೀ.: ಸುಮಾರು 70 ಮೀಟರ್
ಗಂಟೆಗೆ 100 ಕಿ.ಮೀ.: ಸುಮಾರು 100 ಮೀಟರ್

‘ನನ್ನ ಕಾರಿನ ಬ್ರೇಕ್ ಬಹಳ ಚಲೋ ಅದಾವ’ ಎನ್ನುವವರಿಗೂ ಲೆಕ್ಕ ಬದಲಾಗುವುದಿಲ್ಲ. 120ರ ವೇಗದಲ್ಲಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಆ 50 ಮೀಟರ್ ಮುಗಿದಿರುತ್ತದೆ. ಬ್ರೇಕ್ ಕೆಲಸ ಶುರುಮಾಡುವುದು ಆಮೇಲೆ.

ಸ್ಪೋರ್ಟ್ಸ್ ಕಾರಿಗೆ ಇದು ಇನ್ನೂ ಹೆಚ್ಚು ಅಪಾಯ. ಅದರ ಮೂಗು ತಗ್ಗು, ಟ್ರೇಲರ್ ಎತ್ತರ. ಡಿಕ್ಕಿಯಾದರೆ ಬಂಪರ್ ಟ್ರೇಲರಿನ ಅಡಿಗೆ ನುಗ್ಗಿ, ಪೆಟ್ಟು ನೇರವಾಗಿ ಮುಂದಿನ ಗಾಜಿಗೆ ಬೀಳುತ್ತದೆ. ಅಂಥಲ್ಲಿ ಏರ್‌ಬ್ಯಾಗ್ ಪೂರ್ತಿ ಕಾಪಾಡಲಾರದು. ಸೀಟೂ ತಗ್ಗಿನಲ್ಲಿರುವುದರಿಂದ ಎದುರಿನ ಲಾರಿಯ ಬೆಳಕು ನೇರ ಕಣ್ಣಿಗೆ ಹೊಡೆಯುತ್ತದೆ.

ಯಾವ ರಸ್ತೆಯಲ್ಲಿ ಏನು ಗಮನಿಸಬೇಕು?

ಹುನಗುಂದ-ಇಳಕಲ್: ಇಲ್ಲಿಯ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ವೇಗ ತಾನಾಗಿಯೇ ಏರುತ್ತದೆ. ಗ್ರಾನೈಟ್ ಕಲ್ಲು ಹೇರಿದ ಲಾರಿಗಳು ಏರಿನಲ್ಲಿ ನಿಧಾನವಾಗಿ ಹೋಗುತ್ತಿರುತ್ತವೆ, ಕೆಲವು ಬದಿಯಲ್ಲಿ ನಿಂತಿರುತ್ತವೆ.

ಬಾದಾಮಿ: ಪುಷ್ಯ ಹುಣ್ಣಿಮೆಗೆ, ಅಂದರೆ ಸಾಮಾನ್ಯವಾಗಿ ಜನವರಿಯಲ್ಲಿ, ಬನಶಂಕರಿ ಜಾತ್ರೆ. ನಡೆದು ಹೋಗುವ ಭಕ್ತರು, ಚಕ್ಕಡಿಗಳು ರಾತ್ರಿಯೂ ರಸ್ತೆಯಲ್ಲಿರುತ್ತವೆ.

ಬಾಗಲಕೋಟೆ: ಆಲಮಟ್ಟಿ ಹಿನ್ನೀರಿನ ಬದಿಯಲ್ಲಿ ಬೆಳಗಿನ ಜಾವ ಮಂಜು ಕಟ್ಟಬಹುದು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ತಿರುಗಿ ಕಣ್ಣಿಗೇ ಬರುತ್ತದೆ, ಡಿಪ್‌ನಲ್ಲೇ ಇರಲಿ. ಹೊಲದಿಂದ ಬರುವ ಟ್ರ್ಯಾಕ್ಟರ್ ಗಾಲಿಗಳು ರಸ್ತೆಗೆ ಎರಿ ಮಣ್ಣು ಬಿಟ್ಟುಹೋಗುತ್ತವೆ. ಅದರ ಮೇಲೆ ಇಬ್ಬನಿ ಬಿದ್ದರೆ ಅಗಲ ಟೈರೂ ಜಾರುತ್ತದೆ.

ಏನು ಮಾಡಬೇಕು?

• ಸಾಧ್ಯವಾದರೆ ಹಗಲಿನಲ್ಲೇ ಪ್ರಯಾಣ ಮುಗಿಸಿ.
• ರಾತ್ರಿ ಡಿಪ್ ಲೈಟಿನಲ್ಲಿ 60 ದಾಟಬೇಡಿ. ಎದುರು ವಾಹನ ಇಲ್ಲದಾಗ ಹೈ ಬೀಮ್ ಹಾಕಿ, ಬಂದಾಗ ಇಳಿಸಿ.
• ಎದುರಿನ ಬೆಳಕಿಗೆ ಕಣ್ಣು ಕತ್ತಲಿಟ್ಟರೆ ವೇಗ ತಗ್ಗಿಸಿ. ಆ ಬೆಳಕಿನ ಪಕ್ಕದಲ್ಲೇ ಟ್ರೇಲರ್ ಇರಬಹುದು.
• ಮುಂದಿನ ಗಾಜನ್ನು ಒಳಗೂ ಹೊರಗೂ ಒರೆಸಿ.
• ಮನೆಯಲ್ಲಿ ಟ್ರ್ಯಾಕ್ಟರ್ ಇದ್ದರೆ ಟ್ರೇಲರಿನ ಹಿಂದೆ, ಎರಡೂ ಅಂಚಿಗೆ, ಕಬ್ಬು ಮುಚ್ಚದ ಜಾಗದಲ್ಲಿ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ. ಕೆಟ್ಟು ನಿಂತಾಗ ಸುತ್ತ ಇಟ್ಟ ಕಲ್ಲುಗಳನ್ನು ಹೊರಡುವಾಗ ತೆಗೆಯಿರಿ.
• ಅಪಘಾತ ಕಂಡರೆ 108 ಅಥವಾ 112ಕ್ಕೆ ಕರೆ ಮಾಡಿ.

ತೀರ್ಪು: ‘ಚಳಿಗಾಲದಲ್ಲಿ ಸ್ಪೋರ್ಟ್ಸ್ ಕಾರು ಓಡಿಸಬಾರದು’ ಎಂಬ ಮಾತು ನಮ್ಮ ಜಿಲ್ಲೆಗೆ ಅನ್ವಯಿಸುವುದಿಲ್ಲ. ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ: ಕಬ್ಬಿನ ಹಂಗಾಮಿನಲ್ಲಿ ರಾತ್ರಿ ನಿಧಾನ, ಟ್ರೇಲರಿಗೆ ರಿಫ್ಲೆಕ್ಟರ್. ಕಾರು ಇದ್ದವರಿಗೂ ಕಳಿಸಿ, ಟ್ರ್ಯಾಕ್ಟರ್ ಇದ್ದವರಿಗೂ ಕಳಿಸಿ.