ಕೋಲು, ಗೆಜ್ಜೆ ಮತ್ತು ಮಾಸ್ಕೋದ ಪಾಠ



ಕಳೆದ ದೀಪಾವಳಿಯ ಮರುದಿನ ಬೆಳಿಗ್ಗೆ ನಾನು ಜಗಲಿಯಲ್ಲಿ ಪತ್ರಿಕೆ ಹಿಡಿದು ಕುಳಿತಿದ್ದಾಗ ದೂರವಾಣಿ ಕರೆಯೊಂದು ಬಂದಿತು. ಆ ಕಡೆಯ ದನಿ ಹೆಂಗಸಿನದು. ಹೆಸರು ಹೇಳುವುದಕ್ಕೂ ಮೊದಲೇ ಆಕೆ ಹೇಳಿದ ಮಾತು ಇದು: "ಮೇಷ್ಟ್ರೇ, ಅವತ್ತು ನಮ್ಮ ಕೋಲು ಕೆಳಗಿಡಿಸಿದ್ರಲ್ಲ, ಈಗ ನನ್ ಮಗ್ಳು ಬೆಂಗ್ಳೂರಲ್ಲಿ ದುಡ್ ಕೊಟ್ಟು ಅದ್ನೇ ಕಲೀತಾವ್ಳೆ!" ಹೇಳಿ ಗಟ್ಟಿಯಾಗಿ ನಕ್ಕಳು. ನನಗೆ ಒಡನೆಯೇ ಗುರುತು ಸಿಕ್ಕಿತು. ನಾನೂ ನಕ್ಕೆನಾದರೂ, ಆ ದಿನವೆಲ್ಲ ಮನಸ್ಸು ಕಸಿವಿಸಿಯಾಗಿಯೇ ಇತ್ತು.

ನಡೆದ ಸಂಗತಿಯನ್ನು ಮೊದಲು ಒಪ್ಪಿಸಿಬಿಡುತ್ತೇನೆ. 1979ನೆಯ ಇಸವಿ. ಹೊಳೆನರಸೀಪುರದ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಮತ್ತು ಇತಿಹಾಸ ಬೋಧಿಸುತ್ತಿದ್ದೆ. ವಾರ್ಷಿಕೋತ್ಸವಕ್ಕೆ ಗಿರಿಜಾ ಕಲ್ಯಾಣದ ಕಥೆಯನ್ನು ನೃತ್ಯರೂಪಕವಾಗಿ ಆಡಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಭರತನಾಟ್ಯ ಕಲಿತಿದ್ದ ಪಟ್ಟಣದ ಹುಡುಗಿಯರು ನಾಲ್ವರಿದ್ದರು. ಮದುವೆಯ ದಿಬ್ಬಣದ ದೃಶ್ಯಕ್ಕೆ ಜನ ಸಾಲದೆಂದು ಹಳ್ಳಿಗಳಿಂದ ನಡೆದು ಬರುತ್ತಿದ್ದ ಎಂಟು ಹುಡುಗಿಯರನ್ನು ಸೇರಿಸಿಕೊಂಡೆ. ಅವರು ಮಾರನೆಯ ದಿನವೇ ಮನೆಯಿಂದ ಕೋಲುಗಳನ್ನು ತಂದು, ದಿಬ್ಬಣದ ಹಾಡಿಗೆ ತಮ್ಮೂರಿನ ಹಿರಿಯರು ಕಲಿಸಿದ್ದ ಕೋಲಾಟವನ್ನು ಹಾಕಿ ತೋರಿಸಿದರು. ಚೆನ್ನಾಗಿಯೇ ಇತ್ತು. ಆದರೆ ನಾನು, "ಇದು ಶಾಸ್ತ್ರೀಯ ರೂಪಕ, ಊರ ಜಾತ್ರೆಯಲ್ಲ. ಕೋಲು ಕೆಳಗಿಡಿ" ಎಂದೆ. ಎಂಟು ಜನರೂ ಆರತಿ ತಟ್ಟೆ ಹಿಡಿದು ಸಾಲಾಗಿ ನಿಂತರು. ಕರೆ ಮಾಡಿದವಳು ಅವರಲ್ಲಿ ಒಬ್ಬಳು.

ಶುದ್ಧ ನೃತ್ಯ ಯಾವುದು, ಬೆರಕೆ ಯಾವುದು ಎಂಬ ವಿಷಯದಲ್ಲಿ ನನಗೆ ಅಂದು ಇದ್ದಷ್ಟು ಖಚಿತ ಅಭಿಪ್ರಾಯ ಇಂದು ಇಲ್ಲ. ಆಕೆಯ ಮಗಳು ಕಲಿಯುತ್ತಿರುವುದು ‘ಸಮಕಾಲೀನ ನೃತ್ಯ’ವಂತೆ. ಯೋಗ, ಕಳರಿಪಯಟ್ಟು, ಕಥಕ್, ಕೋಲಾಟ ಎಲ್ಲವೂ ಅದರಲ್ಲಿ ಇವೆಯಂತೆ. ಇಂಥದೊಂದು ಪದ್ಧತಿ ನಮ್ಮ ನಾಡಿಗೆ ಬಂದ ಬಗೆ ಹೇಗೆಂದು ಕೆಲವು ತಿಂಗಳು ಓದಿದೆ. ಓದಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಕಥೆಯನ್ನು ಲಂಡನ್ನಿನಿಂದ ಆರಂಭಿಸಬೇಕು. ಚಿತ್ರಕಲೆ ಕಲಿಯಲು 1920ರಲ್ಲಿ ಅಲ್ಲಿಗೆ ಹೋಗಿದ್ದ ಉದಯಶಂಕರ್ ಎಂಬ ತರುಣ, ರಷ್ಯಾದ ಜಗತ್ಪ್ರಸಿದ್ಧ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಅವರ ಕಣ್ಣಿಗೆ ಬಿದ್ದರು. 1923ರಲ್ಲಿ ಅವರಿಬ್ಬರೂ ರಾಧಾಕೃಷ್ಣರಾಗಿ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ನರ್ತಿಸಿದರು. ಉದಯಶಂಕರ್ ಅಲ್ಲಿಯವರೆಗೆ ಯಾವ ಶಾಸ್ತ್ರೀಯ ನೃತ್ಯವನ್ನೂ ಗುರುಮುಖೇನ ಕಲಿತವರಲ್ಲ. ಕಂಡದ್ದು, ಕೇಳಿದ್ದು, ಚಿತ್ರದಲ್ಲಿ ಮತ್ತು ಶಿಲ್ಪದಲ್ಲಿ ನೋಡಿದ್ದು ಇವನ್ನು ಕೂಡಿಸಿಯೇ ಅವರು ತಮ್ಮ ಶೈಲಿಯನ್ನು ಕಟ್ಟಿದರು. ಮುಂದೆ ಅಲ್ಮೋರಾದಲ್ಲಿ ಕೇಂದ್ರವೊಂದನ್ನು ತೆರೆದು, ಕಥಕ್ಕಳಿ, ಭರತನಾಟ್ಯ ಮತ್ತು ಮಣಿಪುರಿ ನೃತ್ಯಗಳ ಗುರುಗಳನ್ನು ಒಂದೇ ಸೂರಿನಡಿ ಕರೆತಂದರು. ಆ ಕೇಂದ್ರ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಅವರ ‘ಕಲ್ಪನಾ’ ಚಲನಚಿತ್ರ (1948) ಮಾತ್ರ ಉಳಿದುಕೊಂಡಿದೆ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದುವರಿಯಲಾರೆ. ನಾವೆಲ್ಲ ಶುದ್ಧ ಭರತನಾಟ್ಯದ ಮಾದರಿ ಎಂದು ಕೈಮುಗಿಯುವ ಅಡ್ಯಾರಿನ ಕಲಾಕ್ಷೇತ್ರವನ್ನು 1936ರಲ್ಲಿ ಸ್ಥಾಪಿಸಿದವರು ರುಕ್ಮಿಣಿದೇವಿ ಅರುಂಡೇಲ್. ಅವರು ಮೊದಲು ಕಲಿತದ್ದು ಯೂರೋಪಿನ ಬ್ಯಾಲೆಯನ್ನು, ಪಾವ್ಲೋವಾ ಅವರ ತಂಡದ ನರ್ತಕಿಯೊಬ್ಬರಿಂದ! ನಿನ್ನ ದೇಶದ ನೃತ್ಯವನ್ನು ನೋಡು ಎಂದು ಅವರನ್ನು ಇತ್ತ ತಿರುಗಿಸಿದವರಲ್ಲಿ ಪಾವ್ಲೋವಾ ಅವರೂ ಒಬ್ಬರು. ನಮ್ಮ ಮೈಸೂರು ಸಂಸ್ಥಾನದ ಸರಕಾರ 1909ರಲ್ಲಿಯೇ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಗುಡಿಯಿಂದ ಹೊರಬಿದ್ದ ನೃತ್ಯ ಸಭಾಂಗಣವನ್ನು ಸೇರುವಾಗ ವೇಷ, ಬೆಳಕು, ರಂಗಸಜ್ಜಿಕೆ ಎಲ್ಲವೂ ಬದಲಾದವು. 1979ರಲ್ಲಿ ನಾನು ಕಾಪಾಡಲು ಹೊರಟಿದ್ದ ‘ಶಾಸ್ತ್ರೀಯತೆ’ಯ ರಂಗರೂಪಕ್ಕೆ ಆಗ ಐವತ್ತು ವರ್ಷವೂ ತುಂಬಿರಲಿಲ್ಲ. ಇತಿಹಾಸದ ಮೇಷ್ಟರಾಗಿ ನನಗೆ ಇದು ತಿಳಿದಿರಬೇಕಿತ್ತು.

ಈಗ ಬೆಂಗಳೂರಿಗೆ ಬರೋಣ. ಇದೇ ನಗರದಲ್ಲಿ ಹುಟ್ಟಿದ ರಾಮ್ ಗೋಪಾಲ್ ಕಥಕ್ಕಳಿ, ಭರತನಾಟ್ಯ, ಕಥಕ್ ಮೂರನ್ನೂ ಕಲಿತು ಎರಡನೆಯ ಮಹಾಯುದ್ಧಕ್ಕೆ ಮುಂಚೆಯೇ ಲಂಡನ್ನಿನ ಪ್ರೇಕ್ಷಕರನ್ನು ಬೆರಗುಗೊಳಿಸಿದ್ದರು. 1960ರಲ್ಲಿ ಇಂಗ್ಲೆಂಡಿನ ಬ್ಯಾಲೆ ತಾರೆ ಅಲಿಸಿಯಾ ಮಾರ್ಕೋವಾ ಅವರೊಡನೆ ರಾಧಾಕೃಷ್ಣ ಯುಗಳನೃತ್ಯವನ್ನೂ ಮಾಡಿದರು. ಆದರೆ ಅವರ ಬಾಳಿನ ಬಹುಭಾಗ ಹೊರದೇಶದಲ್ಲಿಯೇ ಕಳೆಯಿತು. ಈ ನೆಲದಲ್ಲಿ ನಿಂತು ಶಿಷ್ಯಪರಂಪರೆಯನ್ನೇ ಕಟ್ಟಿದವರು ಮಾಯಾ ರಾವ್.

1928ರಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಜನಿಸಿದ ಮಾಯಾ ರಾವ್ ಅವರದು ಸಾರಸ್ವತ ಕುಟುಂಬ. ಉದಯಶಂಕರರ ತಂಡ ಬೆಂಗಳೂರಿನ ಬಿ.ಆರ್.ವಿ. ಚಿತ್ರಮಂದಿರದಲ್ಲಿ ನೀಡಿದ ಪ್ರದರ್ಶನವನ್ನು ನೋಡಿ ಬಂದ ತಂದೆ, ತಮ್ಮ ಹೆಣ್ಣುಮಕ್ಕಳಿಗೂ ನೃತ್ಯ ಕಲಿಸಬೇಕೆಂದು ನಿಶ್ಚಯಿಸಿದರಂತೆ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ರಂಗವೇರುವುದು ಮಾತಿಗೆ ಗುರಿಯಾಗುತ್ತಿದ್ದ ಕಾಲವದು. ದಕ್ಷಿಣದಲ್ಲಿ ಯಾರೂ ಕೇಳರಿಯದ ಕಥಕ್ಕನ್ನು ಅವರು ಸೋಹನ್‌ಲಾಲ್ ಅವರಲ್ಲಿ ಕಲಿತರು. ಮನೆಯ ಸ್ಥಿತಿ ಕುಸಿದಾಗ, ಇನ್ನೂ ಹದಿಹರೆಯದಲ್ಲಿಯೇ ನೃತ್ಯ ಕಲಿಸಿ ಸಂಸಾರಕ್ಕೆ ಆಸರೆಯಾದರು. 1950ರ ದಶಕದಲ್ಲಿ ದೆಹಲಿಗೆ ತೆರಳಿ ಶಂಭು ಮಹಾರಾಜರ ಶಿಷ್ಯೆಯಾದರು.

ಅವರ ಬಾಳಿನ ತಿರುವು 1960ರ ದಶಕದ ಆರಂಭದಲ್ಲಿ ಬಂದಿತು. ವಿದ್ಯಾರ್ಥಿವೇತನ ಪಡೆದು ಸೋವಿಯತ್ ಒಕ್ಕೂಟಕ್ಕೆ ಹೋದ ಅವರು, ಮಾಸ್ಕೋ ನಗರದಲ್ಲಿ ಬೊಲ್ಶೊಯ್ ರಂಗಮಂದಿರದ ಹೆಸರಾಂತ ನಿರ್ದೇಶಕ ರೊಸ್ತಿಸ್ಲಾವ್ ಜಖಾರೋವ್ ಅವರ ಬಳಿ ನೃತ್ಯ ಸಂಯೋಜನೆಯನ್ನು ಅಭ್ಯಾಸ ಮಾಡಿದರು. ಬ್ಯಾಲೆ ಕುಣಿಯಲು ಕಲಿತರೆಂದು ತಿಳಿಯಬೇಡಿ. ಅವರು ಕಲಿತದ್ದು ಬ್ಯಾಲೆಯನ್ನು ಕಟ್ಟುವ ವಿದ್ಯೆಯನ್ನು. ಕಥಕ್ಕಾಗಲಿ ಭರತನಾಟ್ಯವಾಗಲಿ ಮೂಲತಃ ಒಬ್ಬರೇ ನಿಂತು ಮಾಡುವ ನೃತ್ಯಗಳು. ನಾಲ್ಕಡಿ ಜಾಗದಲ್ಲಿ ಒಬ್ಬ ನರ್ತಕಿ ಯಶೋದೆಯೂ ಆಗುತ್ತಾಳೆ, ಕೃಷ್ಣನೂ ಆಗುತ್ತಾಳೆ. ಇಪ್ಪತ್ತು ಜನರನ್ನು ದೊಡ್ಡ ರಂಗದ ಮೇಲೆ ಹೇಗೆ ನಿಲ್ಲಿಸಬೇಕು, ಸಾಲು ಒಡೆದು ವೃತ್ತವಾಗುವುದು ಹೇಗೆ, ಒಂದು ಗುಂಪು ಎಡದಿಂದ ಬರುವಾಗ ಇನ್ನೊಂದು ಗುಂಪು ನೋಡುವವರ ಕಣ್ಣನ್ನು ಹೇಗೆ ಹಿಡಿದಿಡಬೇಕು ಎಂಬ ಲೆಕ್ಕ ಅವುಗಳಲ್ಲಿ ಕಡಿಮೆ. ಬ್ಯಾಲೆಯಲ್ಲಿ ಅದೇ ಪ್ರಧಾನ.

ಮರಳಿ ಬಂದ ಮಾಯಾ ರಾವ್ 1964ರಲ್ಲಿ, ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಬೆಂಬಲದೊಡನೆ, ದೆಹಲಿಯಲ್ಲಿ ನೃತ್ಯ ಸಂಯೋಜನೆಯನ್ನೇ ಒಂದು ವಿದ್ಯೆಯಾಗಿ ಕಲಿಸುವ ಸಂಸ್ಥೆಯನ್ನು ಆರಂಭಿಸಿದರು. 1987ರಲ್ಲಿ ರಾಮಕೃಷ್ಣ ಹೆಗಡೆಯವರ ಆಹ್ವಾನದ ಮೇರೆಗೆ ಅದನ್ನು ಬೆಂಗಳೂರಿಗೆ ತಂದರು. ಕುವೆಂಪು ಅವರ ರಾಮಾಯಣ ದರ್ಶನವನ್ನೂ ರಂಗಕ್ಕೆ ತಂದರು. ಹಾಸನ ಜಿಲ್ಲೆಯವರಾದ ನಾವು ನೆನೆಯಬೇಕಾದ ‘ಹೊಯ್ಸಳ ವೈಭವ’ವೂ ಅವರ ಸಂಯೋಜನೆಗಳಲ್ಲೊಂದು. 1989ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಅವರಿಗೆ ದೊರೆಯಿತು. 2014ರ ಸೆಪ್ಟೆಂಬರ್ 1ರಂದು ಅವರು ನಿಧನರಾದರು.

ಅವರ ಮಗಳು ಮಧು ನಟರಾಜ್ 1995ರಲ್ಲಿ ‘ಸ್ಟೆಮ್ ಡ್ಯಾನ್ಸ್ ಕಂಪ್ನಿ’ಯನ್ನು ಸ್ಥಾಪಿಸಿದರು. ಅವಕಾಶ, ಕಾಲ, ಶಕ್ತಿ, ಚಲನೆ ಎಂಬ ನಾಲ್ಕು ಮಾತುಗಳ ಇಂಗ್ಲಿಷ್ ಮೊದಲಕ್ಷರಗಳಿಂದ ಕೂಡಿದ ಹೆಸರು ಅದು. ‘ಕಂಪ್ನಿ’ ಎಂಬ ಉಚ್ಚಾರಣೆಯನ್ನು ಉಳಿಸಿಕೊಂಡದ್ದು ನನಗಂತೂ ಹಿಡಿಸಿತು. ನಾಟಕ ಕಂಪ್ನಿಗಳ ಕಾಲದವನಲ್ಲವೇ ನಾನು! ತಾಯಿಯಿಂದ ಬಂದ ಕಥಕ್, ಯೋಗ, ಸಮರಕಲೆ, ಜನಪದ ಕುಣಿತ, ಪಾಶ್ಚಾತ್ಯರ ಆಧುನಿಕ ನೃತ್ಯ ಇವೆಲ್ಲ ಅಲ್ಲಿ ಒಂದಕ್ಕೊಂದು ಒದಗಿಬರುತ್ತವೆ. ಅದಕ್ಕೂ ಮೂರು ವರ್ಷ ಮೊದಲು, 1992ರಲ್ಲಿ, ಬೆಂಗಳೂರಿನಲ್ಲಿಯೇ ಆರಂಭವಾದ ‘ಆಟ್ಟಕ್ಕಳರಿ’ ಸಂಸ್ಥೆ ಭರತನಾಟ್ಯ ಮತ್ತು ಕಳರಿಪಯಟ್ಟುಗಳ ಅಂಗಚಲನೆಯಿಂದ ಇನ್ನೊಂದು ದಾರಿ ಹಿಡಿಯಿತು.

ಇಂಥ ಬೆರಕೆ ನಗರದವರ ಖಯಾಲಿ ಎನ್ನುವವರಿಗೆ ನಾನು ಶಿವರಾಮ ಕಾರಂತರನ್ನು ನೆನಪಿಸುತ್ತೇನೆ. ಯಕ್ಷಗಾನವನ್ನು ಅವರಷ್ಟು ಆಳವಾಗಿ ಅಭ್ಯಾಸ ಮಾಡಿದವರು ವಿರಳ. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅಂಥವರೇ ಪ್ರಸಂಗದಿಂದ ಮಾತುಗಾರಿಕೆಯನ್ನು ತೆಗೆದುಹಾಕಿ, ಹಾಡು ಮತ್ತು ಕುಣಿತಗಳಲ್ಲಿಯೇ ಕಥೆ ನಡೆಯುವಂತೆ ಮಾಡಿ, ಪಿಟೀಲು, ಸ್ಯಾಕ್ಸೋಫೋನುಗಳನ್ನು ಸೇರಿಸಿ ‘ಯಕ್ಷಗಾನ ಬ್ಯಾಲೆ’ಯನ್ನು ರೂಪಿಸಿದರು. ರಾತ್ರಿಯೆಲ್ಲ ನಡೆಯುತ್ತಿದ್ದ ಆಟ ಕೆಲವು ಗಂಟೆಗಳಿಗೆ ಇಳಿಯಿತು, ಹೊರದೇಶಗಳಲ್ಲಿಯೂ ಕಾಣಿಸಿಕೊಂಡಿತು. ಮಾತೇ ಇಲ್ಲದ ಮೇಲೆ ಯಕ್ಷಗಾನವೆಲ್ಲಿ ಉಳಿಯಿತು ಎಂದು ಕೇಳಿದವರು ಬಹಳ ಮಂದಿ. ನನ್ನ ಮಟ್ಟಿಗೆ ಹೇಳುವುದಾದರೆ, ಅರ್ಥಗಾರಿಕೆ ಇಲ್ಲದ ಯಕ್ಷಗಾನ ನನಗೆ ಇಂದಿಗೂ ಪಥ್ಯವಾಗುವುದಿಲ್ಲ. ಆದರೆ ಕಾರಂತರು ತಿಳಿದು ಕಳೆದರು, ತಿಳಿದು ಸೇರಿಸಿದರು. ಕೋಲು ಕೆಳಗಿಡಿಸಿದ ನಾನು ತಿಳಿಯದೆ ಕಳೆದವನು.

ಏಕೆಂದರೆ, ಮಾಸ್ಕೋದ ಪಾಠವನ್ನು ಕುರಿತು ಓದುತ್ತಿದ್ದಾಗ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ಜಡೆ ಕೋಲಾಟ. ನೀವೆಲ್ಲ ನೋಡಿದ್ದೀರಿ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳ ತುದಿಯನ್ನು ಒಬ್ಬೊಬ್ಬರು ಒಂದು ಕೈಯಲ್ಲಿ ಹಿಡಿದಿರುತ್ತಾರೆ, ಮತ್ತೊಂದು ಕೈಯಲ್ಲಿ ಕೋಲು. ಒಳಗೊಬ್ಬ, ಹೊರಗೊಬ್ಬ ಎಂಬಂತೆ ಹಾದು ಸುತ್ತುತ್ತ ಹೋದಂತೆ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಅದೇ ಹೆಜ್ಜೆಗಳನ್ನು ತಿರುವುಮುರುವಾಗಿ ಹಾಕಿದರೆ ಜಡೆ ಬಿಚ್ಚಿಕೊಳ್ಳುತ್ತದೆ. ಒಬ್ಬನು ಒಂದೇ ಒಂದು ಕಡೆ ತಪ್ಪಿದರೂ ಹಗ್ಗವೆಲ್ಲ ಗೋಜಲು. ಗುಂಪನ್ನು ರಂಗದಲ್ಲಿ ನಡೆಸುವ ಗಣಿತ ಇದಲ್ಲವಾದರೆ ಮತ್ತೇನು? ಭರತನಾಟ್ಯ ಬಲ್ಲ ನನ್ನ ನಾಲ್ವರು ಹುಡುಗಿಯರಿಗೆ ಬಾರದಿದ್ದ ವಿದ್ಯೆ, ಆರತಿ ತಟ್ಟೆ ಹಿಡಿದು ನಿಂತ ಆ ಎಂಟು ಜನರಲ್ಲಿತ್ತು.

ನಮ್ಮ ಜಿಲ್ಲೆಯ ಕಲ್ಲುಗಳಾದರೂ ನನಗೆ ಬುದ್ಧಿ ಹೇಳಬೇಕಿತ್ತು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ನಿಮ್ಮನ್ನು ಎಷ್ಟು ಸಲ ಕರೆದೊಯ್ದಿಲ್ಲ! ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆಯೆಂದು ಶಾಸನಗಳು ಹೊಗಳುವ ಶಾಂತಲೆಯ ಕಥೆಯನ್ನು ಅಲ್ಲಿಯೂ, ಆಕೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಮುಂದೆಯೂ ಹೇಳಿದ್ದೇನೆ. ಆದರೆ ಮದನಿಕೆಯರ ಸಾಲಿನಲ್ಲಿ ನಾಟ್ಯಭಂಗಿಯ ಸುಂದರಿಯರ ಜೊತೆಗೆ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ, ವಾದ್ಯ ಬಾರಿಸುವವಳೂ ಇದ್ದಾಳೆ. ಶಿಲ್ಪಿ ಕಾಡನ್ನೂ ಅರಮನೆಯನ್ನೂ ಒಂದೇ ಸೂರಿನಡಿ ತಂದು ನಿಲ್ಲಿಸಿದ್ದಾನೆ. ಹಂಪೆಯ ಮಹಾನವಮಿ ದಿಬ್ಬದಲ್ಲಿ ಕೋಲು ಹಿಡಿದು ಕುಣಿಯುವ ಹೆಂಗಳೆಯರನ್ನು ಕಲ್ಲಿನಲ್ಲಿಯೇ ಕಡೆದಿದ್ದಾರೆ. ವಿಜಯನಗರದ ಅರಸರಿಗೆ ಕೋಲಾಟ ಊರ ಜಾತ್ರೆ ಎನಿಸಿರಲಿಲ್ಲ.

ಹಾಗೆಂದು ಹೊಸ ನೃತ್ಯದ ಬಗೆಗೆ ನನಗೆ ತಕರಾರೇ ಇಲ್ಲವೆಂದಲ್ಲ. ಒಮ್ಮೆ ಬೆಂಗಳೂರಿನಲ್ಲಿ ಇಂಥ ಪ್ರದರ್ಶನವೊಂದಕ್ಕೆ ಹೋಗಿದ್ದೆ. ಯಾರದೆಂದು ಹೇಳುವುದಿಲ್ಲ. ದೇಹಗಳ ಪಳಗುವಿಕೆ ಅದ್ಭುತವಾಗಿತ್ತು. ನಡುವೆ ವೀರಗಾಸೆಯ ಒಂದು ಹೆಜ್ಜೆ ಬಂದಿತು, ರಂಗದ ಕುಣಿತದ ಒಂದು ತಿರುವು ಬಂದಿತು. ಕಾರ್ಯಕ್ರಮದ ಹೊತ್ತಗೆಯಲ್ಲಿ ಬೆಳಕು ಹಾಕಿದವರ ಹೆಸರಿತ್ತು, ವಸ್ತ್ರ ಹೊಲಿದವರ ಹೆಸರಿತ್ತು. ಆ ಹೆಜ್ಜೆ ಯಾವ ಊರಿನದು, ಯಾರು ಕಲಿಸಿದ್ದು ಎಂಬುದು ಮಾತ್ರ ಇರಲಿಲ್ಲ. ‘ಜನಪದ’ ಎಂದಷ್ಟೇ ಬರೆದಿತ್ತು. ಜನಪದಕ್ಕೆ ಊರಿಲ್ಲವೇ, ಮನೆಯಿಲ್ಲವೇ? ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವೆಂದರೆ ಸಂಗೀತಗಾರರ ಊರೆಂದು ನಾಡಿಗೆಲ್ಲ ಗೊತ್ತು. ಅಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ಅವರ ಪಾಠಾಂತರ ಯಾರಿಂದ ಬಂದದ್ದೆಂದು ಕೇಳಿದರೆ ಹೇಳಬಲ್ಲವರಿದ್ದಾರೆ. ಅದೇ ತಾಲ್ಲೂಕಿನಲ್ಲಿ ಕೋಲಾಟ ಕಲಿಸಿದವರ, ಮೂಡಲಪಾಯದ ಆಟಕ್ಕೆ ಮುಖವೀಣೆ ನುಡಿಸಿದವರ, ಕೋಡಂಗಿಯಾಗಿ ಜನರನ್ನು ನಗಿಸಿದವರ ಹೆಸರುಗಳನ್ನು ಎಷ್ಟು ಮಂದಿ ಬಲ್ಲೆವು?

ಈ ತಕರಾರನ್ನು ಹಿಡಿದು ಮತ್ತೊಬ್ಬರತ್ತ ಬೆರಳು ತೋರುವ ಹಕ್ಕು ನನಗಿಲ್ಲ. ಆ ಎಂಟು ಹುಡುಗಿಯರಿಗೆ ಕಲಿಸಿದ ಹಿರಿಯರ ಹೆಸರನ್ನು ಅಂದು ನಾನೂ ಕೇಳಲಿಲ್ಲ. ಮೊನ್ನೆ ನಾನೇ ಆಕೆಗೆ ಮತ್ತೆ ಕರೆ ಮಾಡಿ ಕೇಳಿದೆ. "ನಮ್ಮಜ್ಜಿ ಅಣ್ಣ ಸಾ, ಕುಂಟ್ತಿದ್ರು, ಆದ್ರೂ ಕೋಲು ಹಿಡುದ್ರೆ ಕಾಲು ಸರೀ ಹೋಗೋದು" ಎಂದಳು. ಹೆಸರು ಹೇಳಿದಳು. ಬರೆದಿಟ್ಟುಕೊಂಡಿದ್ದೇನೆ. ಮನೆಯವರನ್ನು ಕೇಳದೆ ಇಲ್ಲಿ ಪ್ರಕಟಿಸುವುದು ತರವಲ್ಲ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ನನ್ನ ಶಿಷ್ಯರಲ್ಲಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ ಕೋಲಾಟವನ್ನೋ ಮೂಡಲಪಾಯವನ್ನೋ ಕಲಿಸಿದವರು ಯಾರೆಂದು ಮನೆಯ ಹಿರಿಯರನ್ನು ಕೇಳಿ, ಒಂದು ಕಾರ್ಡಿನಲ್ಲಾದರೂ ಸರಿ, ನನಗೆ ಬರೆದು ತಿಳಿಸಿ. ಯುಗಾದಿಗೆ ಆಕೆ ಮಗಳನ್ನು ಕರೆದುಕೊಂಡು ಊರಿಗೆ ಬರುತ್ತಾಳಂತೆ. ಹಳೆಯ ಕೋಲುಗಳು ಅಟ್ಟದ ಮೇಲೆ ಇನ್ನೂ ಇವೆಯಂತೆ, ಒಂದು ಜೊತೆಗೆ ಹುಳು ಹಿಡಿದಿದೆಯಂತೆ. ನನ್ನನ್ನೂ ಬರಹೇಳಿದ್ದಾಳೆ. ಮಂಡಿನೋವು ಬಿಟ್ಟರೆ ಹೋಗುವವನಿದ್ದೇನೆ.