ಮ್ಯಾಕ್‌ಬೆತ್ ಹನ್ನೆರಡನೇ ತರಗತಿಗೆ ಬಂದ ದಾರಿ

ಅಮೆರಿಕದ ಹೈಸ್ಕೂಲುಗಳಿಗೆ ದೇಶಕ್ಕೆಲ್ಲ ಒಂದೇ ಎನ್ನುವ ಪಠ್ಯಕ್ರಮವಿಲ್ಲ. ಯಾವ ಪುಸ್ತಕ ಓದಿಸಬೇಕೆಂಬುದನ್ನು ರಾಜ್ಯಗಳು, ಅವುಗಳ ಕೆಳಗಿನ ಶಾಲಾ ಜಿಲ್ಲೆಗಳು, ಎಷ್ಟೋ ಸಲ ಪಾಠ ಮಾಡುವ ಮೇಷ್ಟರೇ ತೀರ್ಮಾನಿಸುತ್ತಾರೆ. ಹಾಗಿದ್ದೂ ಕೊನೆಯ ವರ್ಷದ, ಅಂದರೆ ಹನ್ನೆರಡನೇ ತರಗತಿಯ ಇಂಗ್ಲಿಷ್ ಪಾಠ ಬಹುಕಾಲ ಹೆಚ್ಚುಕಡಿಮೆ ಒಂದೇ ಎರಕದಲ್ಲಿ ನಡೆದುಬಂದಿದೆ. ಹನ್ನೊಂದರಲ್ಲಿ ತಮ್ಮ ದೇಶದ ಸಾಹಿತ್ಯ ಓದಿದ ಮಕ್ಕಳು ಹನ್ನೆರಡರಲ್ಲಿ ಬ್ರಿಟನ್ನಿನದಕ್ಕೆ ಹೊರಳುತ್ತಾರೆ: ಬೇವುಲ್ಫ್, ಚಾಸರ್, ಮ್ಯಾಕ್‌ಬೆತ್ ಇಲ್ಲವೇ ಹ್ಯಾಮ್ಲೆಟ್, ಆಮೇಲೆ ರೊಮ್ಯಾಂಟಿಕ್ ಕವಿಗಳು. ಯಾರೂ ಹೇರದ ಈ ಒಂದೇತನ ಎಲ್ಲಿಂದ ಬಂತು? ಒಳ್ಳೆಯ ಕೃತಿಗಳು ತಾವಾಗಿ ಉಳಿದುಕೊಂಡವು ಎನ್ನುವುದು ಸಾಮಾನ್ಯವಾಗಿ ಸಿಗುವ ಉತ್ತರ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಸಾಹಿತ್ಯ ಈ ತರಗತಿಯೊಳಕ್ಕೆ ಬಂದದ್ದು ಕಾಲೇಜು ಪ್ರವೇಶ ಪರೀಕ್ಷೆಯ ಬೆನ್ನು ಹಿಡಿದು. ಆ ಪರೀಕ್ಷೆಯಾದರೂ ಅಳೆಯಲು ಹೊರಟದ್ದು ಹುಡುಗರ ಕಾಗುಣಿತವನ್ನು.

ಹಾರ್ವರ್ಡ್ 1873–74ರಲ್ಲಿ ಹೊಸ ನಿಯಮವೊಂದನ್ನು ಪ್ರಕಟಿಸಿತು. ಸೇರಬಯಸುವ ಪ್ರತಿಯೊಬ್ಬನೂ ಇಂಗ್ಲಿಷಿನಲ್ಲಿ ಒಂದು ಚಿಕ್ಕ ಪ್ರಬಂಧ ಬರೆಯಬೇಕು. ಕಾಗುಣಿತ, ವಿರಾಮಚಿಹ್ನೆ, ವ್ಯಾಕರಣ, ಅಭಿವ್ಯಕ್ತಿ ಸರಿಯಾಗಿರಬೇಕು. ವಿಷಯವನ್ನು ಮೊದಲೇ ಸಾರಿದ ಪುಸ್ತಕಗಳಿಂದ ಕೊಡಲಾಗುವುದು. 1874ಕ್ಕೆ ಸಾರಿದ ಪುಸ್ತಕಗಳು ಆರು. ಷೇಕ್ಸ್‌ಪಿಯರನ ಟೆಂಪೆಸ್ಟ್, ಜೂಲಿಯಸ್ ಸೀಸರ್, ಮರ್ಚೆಂಟ್ ಆಫ್ ವೆನಿಸ್. ಗೋಲ್ಡ್‌ಸ್ಮಿತ್‌ನ ವಿಕಾರ್ ಆಫ್ ವೇಕ್‌ಫೀಲ್ಡ್. ಸ್ಕಾಟ್‌ನ ಐವನ್‌ಹೋ ಮತ್ತು ಲೇ ಆಫ್ ದ ಲಾಸ್ಟ್ ಮಿನ್‌ಸ್ಟ್ರೆಲ್. ಅಮೆರಿಕದವರು ಒಬ್ಬರೂ ಇಲ್ಲ. ಹಾರ್ವರ್ಡಿನಲ್ಲೇ ಪಾಠ ಹೇಳಿದ್ದ ಲಾಂಗ್‌ಫೆಲೋ ಆಗಿನ್ನೂ ಅದೇ ಊರಿನಲ್ಲಿದ್ದರು, ಎಮರ್ಸನ್ ಹತ್ತಿರದ ಕಾಂಕರ್ಡ್‌ನಲ್ಲಿದ್ದರು, ಹಾಥಾರ್ನ್‌ನ ಸ್ಕಾರ್ಲೆಟ್ ಲೆಟರ್ ಹೊರಬಂದು 24 ವರ್ಷವಾಗಿತ್ತು. ಇದನ್ನು ಉಪೇಕ್ಷೆ ಎನ್ನುವುದಕ್ಕಿಂತ, ಪುಸ್ತಕ ಯಾವುದೆಂಬುದೇ ಅಲ್ಲಿ ದೊಡ್ಡ ಪ್ರಶ್ನೆಯಾಗಿರಲಿಲ್ಲ ಎನ್ನುವುದು ಸರಿ. ಐವನ್‌ಹೋ ಬರವಣಿಗೆಗೆ ಸಿಕ್ಕಿದ ಒಂದು ವಿಷಯ, ಅಷ್ಟೆ.

ಒಂದು ಕಾಲೇಜು ಮಾಡಿದ್ದನ್ನು ಉಳಿದವೂ ಮಾಡಿದವು. ಆದರೆ ಒಂದೊಂದರದೂ ಒಂದೊಂದು ಪಟ್ಟಿ. ಹತ್ತು ಹುಡುಗರನ್ನು ಹತ್ತು ಕಾಲೇಜಿಗೆ ಸಿದ್ಧಪಡಿಸಬೇಕಾದ ಹೆಡ್‌ಮಾಸ್ಟರುಗಳ ಪಾಡು ಊಹಿಸಬಹುದು. 1894ರಲ್ಲಿ ಕಾಲೇಜುಗಳು ಕಲೆತು ಏಕರೂಪದ ಪಟ್ಟಿಗೆ ಒಪ್ಪಿದವು. 1900ರಲ್ಲಿ ಪ್ರವೇಶ ಪರೀಕ್ಷಾ ಮಂಡಳಿ ಹುಟ್ಟಿ ಮರುವರ್ಷ ಜೂನ್‌ನಲ್ಲಿ ಮೊದಲ ಪರೀಕ್ಷೆ ನಡೆಸಿತು. ಪಟ್ಟಿಯಲ್ಲಿ ಎರಡು ಭಾಗ: ಆಳವಾಗಿ ಅಭ್ಯಾಸ ಮಾಡಬೇಕಾದವು, ಸುಮ್ಮನೆ ಓದಿಕೊಂಡರೆ ಸಾಕಾದವು. ನಮ್ಮ ಕಾಲೇಜುಗಳ ‘ಡೀಟೇಲ್ಡ್’, ‘ನಾನ್‌ಡೀಟೇಲ್ಡ್’ ಪಠ್ಯಗಳನ್ನು ಓದಿ ಬಂದವರಿಗೆ ಈ ವಿಂಗಡಣೆಯ ಗುರುತು ಕೂಡಲೇ ಸಿಗುತ್ತದೆ. ಮೊದಲ ಭಾಗದಲ್ಲಿ ಮ್ಯಾಕ್‌ಬೆತ್, ಮಿಲ್ಟನ್ನನ ಕಿರುಕವಿತೆಗಳು, ಅಮೆರಿಕದೊಡನೆ ರಾಜಿಯಾಗಬೇಕೆಂದು ಬರ್ಕ್ ಮಾಡಿದ ಭಾಷಣ, ಮೆಕಾಲೆ ಬರೆದ ಅಡಿಸನ್ ಪ್ರಬಂಧ ವರ್ಷವರ್ಷವೂ ಬಂದವು. ಭಾರತದ ಶಿಕ್ಷಣ ಕುರಿತ 1835ರ ಟಿಪ್ಪಣಿಯಿಂದ ನಾವು ಬಲ್ಲ ಅದೇ ಮೆಕಾಲೆ. ಪ್ರಕಾಶಕರು ಪಟ್ಟಿಗೆ ತಕ್ಕಂತೆ ಟಿಪ್ಪಣಿ, ಪ್ರಶ್ನೆಗಳನ್ನು ಹೊಲಿದ ಪುಟ್ಟ ಶಾಲಾ ಆವೃತ್ತಿಗಳನ್ನು ತಂದರು; ರಿವರ್‌ಸೈಡ್ ಮಾಲೆಯ ಕಾಗದದ ರಟ್ಟಿನ ಪುಸ್ತಕ 15 ಸೆಂಟಿಗೆ ಸಿಗುತ್ತಿತ್ತು. 1890ರಲ್ಲಿ 14ರಿಂದ 17 ವಯಸ್ಸಿನವರಲ್ಲಿ ಹೈಸ್ಕೂಲು ಸೇರಿದವರೇ ನೂರಕ್ಕೆ ಏಳಕ್ಕಿಂತ ಕಡಿಮೆ. ಅವರಲ್ಲೂ ಕಾಲೇಜಿಗೆ ಹೋಗದವರೇ ಹೆಚ್ಚು. ಆದರೂ ಹೊಲದ ಕೆಲಸಕ್ಕೋ ಅಂಗಡಿಯ ಲೆಕ್ಕಕ್ಕೋ ಮರಳಲಿದ್ದ ಮಕ್ಕಳು ಸಹ ಹಾರ್ವರ್ಡಿನ ಬಾಗಿಲಿಗೆಂದು ಕಟ್ಟಿದ ಬುತ್ತಿಯನ್ನೇ ಉಣ್ಣಬೇಕಾಯಿತು.

ಇದಕ್ಕೆ ತೂಕದ ಆಕ್ಷೇಪವೊಂದಿದೆ. ಪರೀಕ್ಷೆ ಇಲ್ಲದಿದ್ದರೆ ಇಂಗ್ಲಿಷ್ ಒಂದು ಪಾಠವೆಂದೇ ಆಗುತ್ತಿರಲಿಲ್ಲವಲ್ಲ? ನಿಜ. ಗ್ರೀಕ್, ಲ್ಯಾಟಿನ್ ಬಂದವನೇ ಓದಿದವನು ಎನ್ನುತ್ತಿದ್ದ ಕಾಲದಲ್ಲಿ ಆಡುಮಾತಿನ ಸಾಹಿತ್ಯಕ್ಕೆ ಗೌರವದ ಮಣೆ ಹಾಕಿಸಿದ್ದು ಈ ಪರೀಕ್ಷೆಯೇ. ಹಾರ್ವರ್ಡಿನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಬಯಸಿದ್ದೂ ಅದನ್ನೇ. ಆ ಋಣವನ್ನು ನಾನು ಒಪ್ಪುತ್ತೇನೆ. ಆದರೆ ಕಾಲೇಜಿಗೂ ಶಾಲೆಗೂ ನಡುವೆ ಬೇರೆ ಸೇತುವೆಯೇ ಇರಲಿಲ್ಲ ಎನ್ನುವಂತಿಲ್ಲ. ಮಿಷಿಗನ್ ವಿಶ್ವವಿದ್ಯಾಲಯ 1871ರಿಂದಲೇ ಶಾಲೆಗಳನ್ನು ಕಂಡು, ಪರಿಶೀಲಿಸಿ, ಅಲ್ಲಿ ತೇರ್ಗಡೆಯಾದವರನ್ನು ಪ್ರವೇಶ ಪರೀಕ್ಷೆಯಿಲ್ಲದೆ ಸೇರಿಸಿಕೊಳ್ಳುತ್ತಿತ್ತು. ಅಲ್ಲಿನ ಪ್ರಾಧ್ಯಾಪಕ ಫ್ರೆಡ್ ನ್ಯೂಟನ್ ಸ್ಕಾಟ್ ಪೂರ್ವದ ಕಾಲೇಜುಗಳ ಪದ್ಧತಿಯನ್ನು ಪಾಳೇಗಾರಿಕೆಗೆ ಹೋಲಿಸಿದರು. ಪಟ್ಟಿಯ ವಿರುದ್ಧದ ಈ ಅಸಮಾಧಾನದಿಂದಲೇ 1911ರ ಡಿಸೆಂಬರ್‌ನಲ್ಲಿ ಶಿಕಾಗೋದಲ್ಲಿ ಇಂಗ್ಲಿಷ್ ಅಧ್ಯಾಪಕರ ರಾಷ್ಟ್ರೀಯ ಸಂಘ ಹುಟ್ಟಿತು. ಸ್ಕಾಟ್ ಅದರ ಮೊದಲ ಅಧ್ಯಕ್ಷರು.

ಮುಂದೆ ಪಟ್ಟಿಯ ಬಿಗಿ ಸಡಿಲವಾಗುತ್ತ ಹೋಗಿ ಕೊನೆಗೆ ಪಟ್ಟಿಯೇ ಇಲ್ಲವಾಯಿತು, ಪುಸ್ತಕಗಳು ಮಾತ್ರ ಉಳಿದವು. ಹಾಗಾದರೆ ಅವುಗಳ ಸತ್ವವೇ ಅವನ್ನು ಉಳಿಸಿರಬೇಕಲ್ಲ ಎಂದು ಇನ್ನೊಂದು ಮಾತು. ಮ್ಯಾಕ್‌ಬೆತ್‌ನ ಸತ್ವದ ಬಗ್ಗೆ ತಕರಾರಿಲ್ಲ. ಆದರೆ ಹೈಸ್ಕೂಲುಗಳಲ್ಲಿ ಏನು ಓದಿಸುತ್ತಾರೆಂದು 1960ರ ದಶಕದ ಆರಂಭದಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಮ್ಯಾಕ್‌ಬೆತ್, ಜೂಲಿಯಸ್ ಸೀಸರ್‌ಗಳ ಜೊತೆ ಮುಂದಿನ ಸಾಲಿನಲ್ಲಿದ್ದದ್ದು ಜಾರ್ಜ್ ಎಲಿಯಟ್ಟರ ಸೈಲಸ್ ಮಾರ್ನರ್. ಆಕೆಯ ಮಹಾಕಾದಂಬರಿ ಮಿಡಲ್‌ಮಾರ್ಚ್ ಎಂದು ಓದುಗರು ಒಪ್ಪಿಕೊಂಡು ಎಷ್ಟೋ ಕಾಲವಾಗಿತ್ತು. ಸೈಲಸ್ ಮಾರ್ನರ್ ಚಿಕ್ಕದು, ಹಳೆಯ ಪಟ್ಟಿಯಲ್ಲಿತ್ತು, ಶಾಲೆಯ ಬೀರುವಿನಲ್ಲಿ ತರಗತಿಗಾಗುವಷ್ಟು ಪ್ರತಿಗಳಿದ್ದವು, ಮೇಷ್ಟರು ತಾವೂ ಅದನ್ನೇ ಓದಿ ಬಂದವರು. ಮ್ಯಾಕ್‌ಬೆತ್ ಕೂಡ ಷೇಕ್ಸ್‌ಪಿಯರನ ದುರಂತ ನಾಟಕಗಳಲ್ಲೆಲ್ಲ ಅತಿ ಚಿಕ್ಕದು. ಶಾಲೆಯಲ್ಲಿ ಪುಸ್ತಕದ ಆಯುಸ್ಸು ಇಂಥವುಗಳನ್ನೂ ನಂಬಿಕೊಂಡಿರುತ್ತದೆ. ಹಾಗಿಲ್ಲದಿದ್ದರೆ ಬರ್ಕ್‌ನ ಸಂಸತ್ ಭಾಷಣ ಹದಿನೇಳರ ಹುಡುಗಿಯ ಮುಂದೆ ಅಷ್ಟು ದಶಕ ನಿಲ್ಲುತ್ತಿರಲಿಲ್ಲ.

ಈಚಿನ ದಶಕಗಳಲ್ಲಿ ಬಾಗಿಲು ಅಗಲವಾಗಿದೆ. ಅಚೆಬೆಯ ಥಿಂಗ್ಸ್ ಫಾಲ್ ಅಪಾರ್ಟ್, ಟೋನಿ ಮಾರಿಸನ್ನರ ಬಿಲವೆಡ್ ಎಷ್ಟೋ ಕಡೆ ಹನ್ನೆರಡರ ಪಾಠ. ಹಾಗಿದ್ದೂ ಸೆಪ್ಟೆಂಬರ್, ಅಕ್ಟೋಬರ್ ಬಂತೆಂದರೆ ಅನೇಕ ತರಗತಿಗಳಲ್ಲಿ ಎಲ್ಲ ಪುಸ್ತಕಗಳೂ ಬದಿಗೆ ಸರಿಯುತ್ತವೆ. ಹಲವು ಕಾಲೇಜುಗಳು ಒಟ್ಟಾಗಿ ಬಳಸುವ ಒಂದೇ ಅರ್ಜಿಯಲ್ಲಿ ಕೇಳುವ ಪ್ರಬಂಧವನ್ನು ಮಕ್ಕಳು ಬರೆಯಬೇಕು, 650 ಪದ ಮೀರದಂತೆ. ವಿಷಯ ಈಗ ಐವನ್‌ಹೋ ಅಲ್ಲ, ಅವರದೇ ಬದುಕು. ಮೇಷ್ಟರು ಕರಡಿನ ಮೇಲೆ ಬಾಗಿ ಅಲ್ಪವಿರಾಮಗಳನ್ನು ತಿದ್ದುತ್ತಾರೆ.